ಉಪ್ಪು ಬಿಟ್ಟ ಮಳೆಗಾಲ

ಹೋದ ತಿಂಗಳು ಚಿಕ್ಕೋಡಿಯ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಉಸ್ ಉಸ್ ಎಂದು ಗಾಳಿ ತುಂಬಿ, ಮುಳ್ಳು ನೋಡಿ, "ಟೀಚರ್, ಇನ್ನ ಮ್ಯಾಲ ಉಪ್ಪ ಬಿಡಬೇಕ್ರಿ" ಅಂದುಬಿಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಅದು ಬೇಡ, ಇದು ಬೇಡ ಎಂದು ಹೇಳುತ್ತ ಬಂದವಳಿಗೆ ಈಗ ಹೇಳಿಸಿಕೊಳ್ಳುವ ಸರದಿ. ನನ್ನ ಸೊಸೆ ಇಂಥ ವಿಷಯದಲ್ಲಿ ಒಂದು ದಿನವೂ ತಡ ಮಾಡುವವಳಲ್ಲ. ಅದೇ ಸಂಜೆ ಬೇಳೆಯನ್ನು ಎರಡು ಪಾತ್ರೆಯಲ್ಲಿ ಬೇಯಿಸಿ, ಉಪ್ಪಿಲ್ಲದ್ದನ್ನು ನನ್ನ ಮುಂದಿಟ್ಟಳು.

ಮುಖ ಕಿವುಚಿಕೊಂಡೇ ಮೊದಲ ತುತ್ತು ಬಾಯಿಗಿಟ್ಟೆ. ಈ ರುಚಿ ನನಗೆ ಗೊತ್ತಿತ್ತು. ಎರಡನೆಯ ತುತ್ತಿಗೆ ಶೇಡಬಾಳದ ಜೈನ ಬಸ್ತಿಯ ಕಲ್ಲುಕಟ್ಟೆ ಕಣ್ಣಿಗೆ ಬಂತು, ಅದರ ಮೇಲೆ ಹರವಿದ ಜೋಳ, ತಗಡಿನ ಮಾಡಿನ ಮೇಲೆ ಬೀಳುವ ಮಳೆ, ಒಣಗದ ಬಿಳಿ ಸೀರೆಯ ತಣ್ಣನೆಯ ವಾಸನೆ. ಸೊಸೆ ಗಾಬರಿಯಿಂದ, "ಯಾಕ್ರಿ ಅತ್ತಿ, ನುಂಗಾಕ ಆಗವಲ್ದ?" ಎಂದು ಕೇಳುತ್ತಿದ್ದಳು. ನಾನು ಅಲ್ಲಿರಲಿಲ್ಲ.

ಆ ವರ್ಷ ನನಗೆ ಇಪ್ಪತ್ತೆರಡು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಥಣಿಯ ಕಾಲೇಜಿನಲ್ಲಿ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿ, ಬಿ.ಎಡ್. ಸೀಟು ಸಿಗುವ ತನಕ ಶೇಡಬಾಳದ ನಮ್ಮ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಮರ್ಯಾದೆಯ ಮಾತು. ಅವ್ವನ ಲೆಕ್ಕದಲ್ಲಿ ಬಿದ್ದುಕೊಂಡಿದ್ದೆ. ಹಳಗನ್ನಡ ಓದಿದ ಜಂಬ ತಲೆಗೇರಿತ್ತು. ಮನೆಯವರೆಲ್ಲ "ಐತಿ" ಅಂದರೆ ನಾನು ಬೇಕೆಂದೇ "ಇದೆ" ಅನ್ನುತ್ತಿದ್ದೆ. ಅಪ್ಪ ಕಬ್ಬಿನ ಹೊಲದಿಂದ ಬಂದು ಕೈಕಾಲು ತೊಳೆಯುತ್ತ, "ಬೆಂಗಳೂರಾಕಿ ಚಾ ಮಾಡ್ಯಾಳೇನ ನೋಡ್ರಿ" ಎಂದು ಕಾಡುತ್ತಿದ್ದರು. ಬೆಂಗಳೂರನ್ನು ನಾನು ನಕಾಶೆಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ.

ಆಷಾಢದಲ್ಲಿ ಮಾತಾಜಿ ಬಂದರು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಜೈನ ಸಾಧುಗಳು, ಸಾಧ್ವಿಯರು ಊರಿಂದೂರಿಗೆ ನಡೆಯುವುದನ್ನು ನಿಲ್ಲಿಸಿ ಒಂದೇ ಊರಲ್ಲಿ ಉಳಿಯುತ್ತಾರೆ. ಹಸಿ ನೆಲದಲ್ಲಿ ಹುಟ್ಟುವ ಸಣ್ಣ ಜೀವಗಳು ಕಾಲಡಿಗೆ ಸಿಗಬಾರದೆಂದು. ಆ ಸಲ ನಮ್ಮೂರಿನ ಪುಣ್ಯಕ್ಕೆ ಸಿಕ್ಕವರು ದೂರದ ಬುಂದೇಲಖಂಡದ ಕಡೆಯ ಸಾಧ್ವಿ. ಐವತ್ತೈದರ ಆಸುಪಾಸು. ಮೈಮೇಲೆ ಒಂದು ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲ, ಅಷ್ಟೇ ಅವರ ಆಸ್ತಿ. ದಿನಕ್ಕೆ ಒಂದೇ ಹೊತ್ತು, ಬೊಗಸೆಯಲ್ಲಿ ಊಟ. ಅವರ ಸೇವೆಗೆ ಸರಳಾ ದೀದಿ ಎಂಬ ಹುಡುಗಿ ಜೊತೆಗಿದ್ದಳು. ಇಬ್ಬರಿಗೂ ಬರುವುದು ಹಿಂದಿ ಒಂದೇ.

ಮೊದಲ ದಿನದ ಪ್ರವಚನ ಒಂದು ತಾಸು ನಡೆಯಿತು. ಮುಂದೆ ಕೂತ ಗಂಡಸರು ತಲೆದೂಗಿದರು. ಪೇಟೆ ವ್ಯವಹಾರ, ಸಿನಿಮಾ, ರೇಡಿಯೋ ಎಂದು ಅವರಿಗೆ ಹಿಂದಿಯ ಬಳಕೆ ಇತ್ತು. ಹಿಂದೆ ಕೂತ ಹೆಂಗಸರು, ಗಂಡಸರು ತಲೆದೂಗಿದಾಗ ತಾವೂ ದೂಗಿದರು. ಎಲ್ಲ ಮುಗಿದ ಮೇಲೆ, ನಮ್ಮ ಓಣಿಯ ಪದ್ದವ್ವಾಯಿ ಎದ್ದು ನಿಂತಳು. ಎಪ್ಪತ್ತು ದಾಟಿದ ಮುದುಕಿ. ಗೌಡನಿರಲಿ, ಫೌಜದಾರನಿರಲಿ, ಅನ್ನುವುದನ್ನು ಅಂದೇ ತೀರುವವಳು.

"ವಂದಾಮಿ ಮಾತಾಜಿ. ತಾಸ ಹೊತ್ತ ಮಾತಾಡಿದ್ರಿ. ಕೇಳಾಕ ಚಂದ ಇತ್ರಿ. ಆದ್ರ ನಮಗ ಒಂದ ಅಕ್ಷರಾ ತಿಳೀಲಿಲ್ಲ."

"ಏ ಆಯಿ, ಕುಂಡ್ರ!" ಎಂದು ನಾಲ್ಕೈದು ಗಂಡಸರು ಗದರಿದರು. ಮಾತಾಜಿ ಕೈಯೆತ್ತಿ ಅವರನ್ನು ಸುಮ್ಮನಿರಿಸಿ, ಆಕೆ ಏನೆಂದಳು ಎಂದು ಕೇಳಿದರು. ಹೈಸ್ಕೂಲಿನಲ್ಲಿ ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದ ನಾನು ಹೆದರುತ್ತಲೇ ಅನುವಾದ ಮಾಡಿದೆ. ಅವರ ಮುಖ ಒಂದು ಕ್ಷಣ ಬದಲಾಯಿತು. ನಾನು ಅದನ್ನು ಸಿಟ್ಟು ಅಂದುಕೊಂಡೆ. ಆಮೇಲೆ ಅವರು ಮೆಲ್ಲಗೆ ಹಿಂದಿಯಲ್ಲಿ ಹೇಳಿದ್ದನ್ನು ನಾನೇ ಕನ್ನಡಕ್ಕೆ ತಂದೆ: ಈ ನಾಲ್ಕು ತಿಂಗಳು ಮುಗಿಯುವುದರೊಳಗೆ ಒಂದು ದಿನ ನಿಮ್ಮ ಮಾತಿನಲ್ಲೇ ನಿಮ್ಮ ಜೊತೆ ಮಾತಾಡುತ್ತೇನೆ. ಅದಾಗಲಿಲ್ಲವೆಂದರೆ ನಾನು ಈ ಊರಿಗೆ ಬಂದೂ ಬಾರದ ಹಾಗೆ.

ಕಲಿಸುವವರು ಯಾರು ಎಂದಾಗ ಇಡೀ ಬಸ್ತಿ ನನ್ನ ಕಡೆ ತಿರುಗಿತು.

ಪಾಠ ಮಧ್ಯಾಹ್ನ ಎರಡರಿಂದ. ಬಸ್ತಿಯ ಪಕ್ಕದ ಕೋಣೆಯಲ್ಲಿ ಅವರು ಚಾಪೆಯ ಮೇಲೆ, ನಾನು ನೆಲದ ಮೇಲೆ, ನಡುವೆ ಬಳಪದಿಂದ ಬರೆಯುವ ಒಂದು ಕಲ್ಲಿನ ಪಾಟಿ. ಅವರು ದೀಪ ಹಚ್ಚಿ ಓದುವವರಲ್ಲ. ಮೋಡ ಕವಿದು ಕೋಣೆ ಕತ್ತಲಾದರೆ ಬಾಗಿಲಿನ ಬೆಳಕಿಗೆ ಸರಿಯುವರು, ಇನ್ನೂ ಕತ್ತಲಾದರೆ ಪಾಟಿ ಕೆಳಗಿಟ್ಟು ಬಾಯಿಪಾಠ ಒಪ್ಪಿಸುವರು. ಮರವು, ಮರವನ್ನು, ಮರದಿಂದ, ಮರಕ್ಕೆ. ಸ್ತೋತ್ರ ಹೇಳುವ ದನಿಯಲ್ಲೇ ಹೇಳುತ್ತಿದ್ದರು. ಹೊರಗೆ ಆರಿದ್ರಾ ಮಳೆ ಸಣ್ಣಗೆ ಹಿಡಿದರೆ ಬಿಡುತ್ತಿರಲಿಲ್ಲ. ಮಿರಜ ಕಡೆಯ ರೈಲು ದೂರದಲ್ಲಿ ಕೂಗಿ ಹೋಗುವುದು, ಅವರ ಮರಕ್ಕೆ, ಮರದ, ಮರದಲ್ಲಿ, ತಗಡಿನ ಮೇಲಿನ ಹನಿ ಎಲ್ಲ ಕಲೆತು, ಎಷ್ಟೋ ಸಲ ಮಾಸ್ತರಿಣಿಗೇ ಜೋಂಪು ಹತ್ತುತ್ತಿತ್ತು.

ದೊಡ್ಡವರು ಇನ್ನೊಂದು ಭಾಷೆ ಕಲಿಯುವುದೆಂದರೆ ತುಂಬಿದ ಮನೆಗೆ ಇನ್ನೊಂದು ಸಂಸಾರ ಬಂದ ಹಾಗೆ. ಗೂಡುಗಳೆಲ್ಲ ಮೊದಲೇ ಭರ್ತಿ. ಹೊಸದನ್ನು ಇಡಬೇಕಾದರೆ ಹಳೆಯದನ್ನು ಸರಿಸಬೇಕು. ಮಾತಾಜಿಯ ಹಿಂದಿಯಲ್ಲಿ ಕಲ್ಲು, ನೀರು, ರೊಟ್ಟಿ, ಮಳೆ ಎಲ್ಲವೂ ಹೆಣ್ಣೋ ಗಂಡೋ ಆಗಲೇಬೇಕು. ಆ ಹಳೆಯ ಸಾಮಾನು ಜಪ್ಪಯ್ಯ ಅಂದರೂ ಸರಿಯುತ್ತಿರಲಿಲ್ಲ. ಕಿಟಕಿಯಾಚೆ ನೋಡಿ, "ಮಳೆ ಬಂದಳು" ಅನ್ನುವರು. ನಾನು ಬಾಯಿಗೆ ಸೆರಗು ಒತ್ತಿಕೊಂಡು "ಬಂತು" ಅನ್ನುವೆ. "ಬಂತು, ಬಂತು" ಎಂದು ಹತ್ತು ಸಲ ಪಾಟಿಯ ಮೇಲೆ ಬರೆಯುವರು. ಮರುದಿನ ಮತ್ತೆ ಬಂದಳು.

ಒಮ್ಮೆ ನಾನು "ಹೋಗುತ್ತೇನೆ" ಕಲಿಸುತ್ತಿದ್ದೆ. ಗಂಡಸು ಹೇಳುವುದು ಹೇಗೆ, ಹೆಂಗಸು ಹೇಳುವುದು ಹೇಗೆ ಎಂದು ಕೇಳಿದರು. ಇಬ್ಬರಿಗೂ ಒಂದೇ ಅಂದೆ. ನಂಬಲಿಲ್ಲ; ಬರುತ್ತೇನೆ, ತಿನ್ನುತ್ತೇನೆ, ಅಳುತ್ತೇನೆ ಎಂದು ಒಂದೊಂದಾಗಿ ಪರೀಕ್ಷೆ ಮಾಡಿದರು. ಆಮೇಲೆ ಹಿಂದಿಯಲ್ಲಿ, "ನಮ್ಮ ಮಾತಿನಲ್ಲಿ ನಾನು ಹೋಗುತ್ತೇನೆ ಅನ್ನುವಷ್ಟರಲ್ಲಿ ನಾನು ಹೆಣ್ಣಾಗಿಬಿಡುತ್ತೇನೆ. ನಿಮ್ಮಲ್ಲಿ ಬರೀ ನಾನು," ಅಂದರು. ಇಪ್ಪತ್ತೆರಡು ವರ್ಷ ಆ ಮಾತನ್ನು ಆಡಿದ ನಾನು ಅದನ್ನು ಒಂದು ದಿನವೂ ಗಮನಿಸಿರಲಿಲ್ಲ.

ಶ್ರಾವಣದ ಹೊತ್ತಿಗೆ ನನಗೆ ಆತುರ. ನನ್ನ ವಿದ್ಯೆ ಊರಿಗೆ ಕಾಣಬೇಡವೇ? ರಾಜಹಂಸ, ಮುಕ್ತಿಪಥ, ಭವಸಾಗರ ಎಲ್ಲ ತುರುಕಿ ನಾಲ್ಕು ಪುಟದ ಭಾಷಣವನ್ನು ನಾನೇ ಬರೆದುಕೊಟ್ಟೆ. ಮಾತಾಜಿ ಅದನ್ನು ಎಂಟು ದಿನ ಕಂಠಪಾಠ ಮಾಡಿ, ಒಂದು ಅಕ್ಷರವೂ ತಪ್ಪದೆ ಹೇಳಿದರು. ಗಂಡಸರು ಬೆರಗಾದರು. ನಾನು ಕಂಬಕ್ಕೊರಗಿ ನಿಂತು ಉಬ್ಬುತ್ತಿದ್ದೆ. ಮಾತಾಜಿ ನೋಡಿದ್ದು ಮಾತ್ರ ಹಿಂದೆ ಕೂತವಳನ್ನು.

"ತಿಳಿಯಿತೇ, ತಾಯಿ?"

ಪದ್ದವ್ವಾಯಿ ಎರಡೂ ಕೈ ಜೋಡಿಸಿದಳು. "ಮಂತ್ರ ಬಾಳ ಚಂದ ಅಂದ್ರಿ ಮಾತಾಜಿ."

ಬಸ್ತಿಯ ಗಂಡಸರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾದವು. ಮನೆಗೆ ಬಂದು, ಇಂಥ ಹಳ್ಳಿ ಗೊಡ್ಡುಗಳಿಗೆ ಕನ್ನಡವೇ ಬರುವುದಿಲ್ಲ, ಇವರಿಗಾಗಿ ನಾನೇಕೆ ಗಂಟಲು ಹರಿದುಕೊಳ್ಳಲಿ ಎಂದು ಮುಸುಕು ಹಾಕಿಕೊಂಡೆ. ತಲೆನೋವು ಎಂದು ಹೇಳಿಕಳಿಸಿದೆ. ಎಂಟು ದಿನ ನನ್ನ ತಲೆನೋವು ಇಳಿಯಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮಾತಾಜಿ ಊಟಕ್ಕೆ ನಮ್ಮ ಮನೆಗೆ ಬಂದರು. ಸಾಧ್ವಿಯರಿಗೆ ಊಟ ಹಾಕುವುದು ಸುಲಭದ ಕೆಲಸವಲ್ಲ. ಬಾವಿಯಿಂದ ಸೇದಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿದ ನೀರು. ಮನೆಯಲ್ಲೇ ಬೀಸಿದ ಹಿಟ್ಟು. ಅವರು ಯಾವ ದಿನ ಯಾರ ಮನೆಗೆ ಬರುವರೆಂದು ಮೊದಲೇ ತಿಳಿಯದು, ಅದಕ್ಕೆ ದಿನಾ ಮನೆಮನೆಯಲ್ಲೂ ಅವರಿಗಾಗುವ ಅಡಿಗೆ, ಅದನ್ನೇ ಮನೆಯವರೂ ಉಣ್ಣುವುದು. ಮಾತಾಜಿ ಉಪ್ಪು ತಿನ್ನುವುದಿಲ್ಲ ಎಂಬುದು ಬಂದ ಎರಡನೆಯ ದಿನದಿಂದಲೇ ಊರಿಗೆಲ್ಲ ಗೊತ್ತಿತ್ತು. ವ್ರತಸ್ಥರು ಏನಾದರೊಂದು ಬಿಟ್ಟೇ ಇರುತ್ತಾರೆ, ಯಾರೂ ಕಾರಣ ಕೇಳುವುದಿಲ್ಲ. ನಾನಂತೂ ನನ್ನ ಪಾಲಿನ ಬೇಳೆಗೆ ಹಿತ್ತಲಲ್ಲಿ ನಿಂತು ಉಪ್ಪು ಬೆರೆಸಿಕೊಳ್ಳುತ್ತಿದ್ದೆ.

ಅಂದು ಅವ್ವ ಹಾಲು ತಂದಳು, ಸರಳಾ ದೀದಿ ಬೇಡವೆಂದು ಕೈಯಾಡಿಸಿದಳು. ತುಪ್ಪ ತಂದಳು, ಬೇಡ. ಮೊಸರು, ಬೆಲ್ಲ, ಯಾವುದೂ ಬೇಡ. ಬರೀ ಅನ್ನ, ಬಿಸಿನೀರು. ಮಾತಾಜಿಯ ಬೊಗಸೆಯಲ್ಲಿ ಬಿಳಿ ಅನ್ನ ನೀರಿನಲ್ಲಿ ತೇಲುತ್ತಿತ್ತು. ಮುಖ ಎಂದಿನ ಹಾಗೆ ಶಾಂತ. ಕೆನ್ನೆ ಮಾತ್ರ ಒಳಸೇರಿದ್ದವು.

ಅವರು ಹೊರಟ ಮೇಲೆ ಬಾವಿಕಟ್ಟೆಯ ಹತ್ತಿರ ದೀದಿಯನ್ನು ಹಿಡಿದು ಕೇಳಿದೆ. ದೀದಿ ನನ್ನನ್ನು ನೆಟ್ಟಗೆ ನೋಡಿದಳು. ಆ ಮುದುಕಿಯ ಮಾತಿನಲ್ಲಿ ಮಾತಾಡುವ ತನಕ ಉಪ್ಪು ಇಲ್ಲ, ಅದು ಮೊದಲ ದಿನದ ಪ್ರತಿಜ್ಞೆ. ಪಾಠ ಆಗದ ದಿನ ಹಾಲು, ತುಪ್ಪ, ಬೆಲ್ಲ ಯಾವುದೂ ಇಲ್ಲ, ಅದು ಅವರು ತಮಗೆ ತಾವೇ ಹಾಕಿಕೊಂಡ ಶಿಕ್ಷೆ. "ಆಠ್ ದಿನ್ ಹೋ ಗಯೇ," ಎಂಟು ದಿನವಾಯಿತು, ಅಂದಳು. ಕೊಡ ಎತ್ತಿಕೊಂಡು ಹೋದಳು.

ಅಂದು ನಾನು ಅತ್ತ ಹಾಗೆ ಮದುವೆಯಾಗಿ ಹೋಗುವಾಗಲೂ ಅತ್ತಿಲ್ಲ. ನನ್ನ ಸುಳ್ಳು ತಲೆನೋವಿಗೆ ಒಬ್ಬ ತಾಯಿ ಎಂಟು ದಿನ ಬರೀ ನೀರು, ಅನ್ನ ಉಂಡಿದ್ದರು. ಮಧ್ಯಾಹ್ನ ಎರಡಕ್ಕೆ ಓಡಿಹೋಗಿ ಅವರ ಮುಂದೆ ಕುಸಿದು ಕೂತೆ. ಅವರು ಪಾಟಿ ಮುಂದಿಟ್ಟರು. "ಉಪ್ಪು ನನ್ನದು, ಅದರ ಭಾರ ನೀನು ಹೊರಬೇಡ. ಪಾಠ ನಿನ್ನದು," ಅಂದರು. ಆಮೇಲೆ ಕೇಳಿದರು, "ನನ್ನ ಮಾತು ಆ ತಾಯಿಗೆ ಯಾಕೆ ತಿಳಿಯಲಿಲ್ಲ?"

"ಅದು ಅವರ ಕನ್ನಡ ಅಲ್ರಿ ಮಾತಾಜಿ. ನನ್ನ ಪುಸ್ತಕದ್ದು."

ಹಾಗೆ ಹೇಳಿದ ದಿನವೇ ನಾನು ಮಾಸ್ತರಿಣಿಯಾದದ್ದು ಎಂದು ಈಗ ಅನ್ನಿಸುತ್ತದೆ. ಬಿ.ಎಡ್. ಆಮೇಲಿನ ಮಾತು.

ಮರುದಿನದಿಂದ ಪಾಟಿ ಕೋಣೆಯಲ್ಲೇ ಉಳಿಯಿತು, ನಾವಿಬ್ಬರೂ ಕಟ್ಟೆಗೆ ಬಂದೆವು. ಅಲ್ಲಿ ಮಧ್ಯಾಹ್ನ ಓಣಿಯ ಹೆಂಗಸರು ಸೇರಿ ಮಾತಾಜಿಯ ಊಟದ ಜೋಳ, ಬೇಳೆ ಹಸನು ಮಾಡುತ್ತಿದ್ದರು. ಮಳೆಗಾಲದಲ್ಲಿ ಕಾಳಿಗೆ ಹುಳ ಬೀಳುತ್ತದೆ. ಒಂದೊಂದೇ ಕಾಳು ನೋಡಿ, ಹುಳ ಕಂಡರೆ ಎಲೆಯ ಮೇಲೆತ್ತಿ ನೆರಳಿಗೆ ಬಿಡಬೇಕು. ಅವಸರ ನಡೆಯದ ಕೆಲಸ. ಕೈ ಕಾಳಿನಲ್ಲಿ, ಬಾಯಿ ಊರಿನಲ್ಲಿ. ಯಾರ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋದಳು, ಹೊಳೆ ಎಲ್ಲಿಯ ತನಕ ತುಂಬಿದೆ. ಮಾತಾಜಿ ಮೂಲೆಯಲ್ಲಿ ಕೂತು ಕೇಳುತ್ತ, ನಡುನಡುವೆ ಒಂದು ಮಾತು ಹಾಕಲು ಹೊರಟರು. ತಪ್ಪು ಮಾಡಲು ಅವರು ಹೆದರುತ್ತಿರಲಿಲ್ಲ. ಆ ವಯಸ್ಸಿನಲ್ಲಿ, ಆ ಪೀಠದಲ್ಲಿ ಇದ್ದುಕೊಂಡು ನಗಿಸಿಕೊಳ್ಳಲು ತಯಾರಾಗುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಆದರೆ ಯಾರೂ ನಗಲಿಲ್ಲ. ಅದೇ ತೊಂದರೆಯಾಯಿತು. ಮಾತಾಜಿಯನ್ನು ತಿದ್ದುವುದೆಂದರೆ ಪಾಪ ಎಂದು ನಮ್ಮ ಹೆಂಗಸರು ಏನು ಹೇಳಿದರೂ "ಹೌದ್ರಿ ಮಾತಾಜಿ" ಅನ್ನುತ್ತಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಮಾತಾಜಿ ಮುಗಿಲು ನೋಡಿ "ಮಳಿ ಬಂದಳು" ಅಂದರೆ, ನೆರೆಮನೆಯ ಚಂಪವ್ವ ಭಕ್ತಿಯಿಂದ, "ಹೌದ್ರಿ, ಬಂದಳ್ರಿ, ಕಾಳ ಒಳಗ ತಗೀರೆಬೇ" ಅನ್ನುವಳು. ಹದಿನೈದು ದಿನದಲ್ಲಿ ನಮ್ಮ ಓಣಿಯಲ್ಲಿ ಮಳೆ ಬಂದಳು, ನೀರು ಬಂದನು, ರೊಟ್ಟಿ ಸುಟ್ಟಳು! ಒಬ್ಬರು ಕನ್ನಡ ಕಲಿಯುತ್ತಿದ್ದರು, ಇಪ್ಪತ್ತು ಮಂದಿ ಮರೆಯುತ್ತಿದ್ದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮಗಿ ಮಳೆ ಮುಗಿದು ಹುಬ್ಬಿ ಮಳೆ ಹತ್ತಿತ್ತು. ನಾಲ್ಕು ತಿಂಗಳಲ್ಲಿ ಅರ್ಧ ಕಳೆದಿತ್ತು. ಉಪ್ಪಿಲ್ಲದೆಯೇ ಅವರು ಊರು ಬಿಡುತ್ತಾರೆ, ಆಮೇಲೆ ಆ ಪ್ರತಿಜ್ಞೆ ಬಿಡಿಸುವವರು ಯಾರು? ಅವರು ಜೀವ ಇರುವ ತನಕ ಉಪ್ಪು ಮುಟ್ಟುವುದಿಲ್ಲ. ಈ ಚಿಂತೆಗೆ ನನಗೂ ಹಿತ್ತಲಿನ ಉಪ್ಪು ಸೇರದಾಯಿತು. ಬಿಟ್ಟೆ.

ಭಾದ್ರಪದದ ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮೆಯ ದಿನ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಹೆಂಗಸರು ಸಾಲಾಗಿ ಬಂದು ಮಾತಾಜಿಗೆ ಕೈಮುಗಿದರು. ಮಾತಾಜಿ ತಮ್ಮ ಅರೆಬರೆ ಕನ್ನಡದಲ್ಲಿ ಹೇಳಿದರು:

"ನಾ ಕ್ಷಮಾ ಮಾಡತೀನಿ. ಆದ್ರ ನೀವು ದೊಡ್ಡ ತಪ್ಪ ಮಾಡೀರಿ. ನನ್ನ ತಪ್ಪ ನೋಡಿ ಸುಮ್ಮ ಕುಂತೀರಿ. ಈಗ ಒಂದ ನಿಯಮ ತಗೋರಿ."

ನಿಯಮ ಅಂದ ಕೂಡಲೇ ಎಲ್ಲರೂ ತಲೆಬಾಗಿದರು. ಸಾಧ್ವಿಯರು ಕೊಡುವ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ: ಆಲೂಗಡ್ಡೆ ಬಿಡು, ರಾತ್ರಿ ನೀರು ಬಿಡು. ಒಮ್ಮೆ ತಗೊಂಡರೆ ಮುರಿಯುವಂತಿಲ್ಲ.

"ದಿನಾ ನನ್ನ ಒಂದ ತಪ್ಪ ತಿದ್ದಬೇಕು. ತಿದ್ದಿದ ಮ್ಯಾಲ ಸಂಜೀ ಊಟ. ನಾ ಊರ ಸೀಮಿ ದಾಟೂತನಕ."

ಹೆಂಗಸರು ಮುಖಮುಖ ನೋಡಿಕೊಂಡರು. ಚಂಪವ್ವನ ಕಣ್ಣಲ್ಲಿ ನೀರೇ ಬಂತು. ಪದ್ದವ್ವಾಯಿ ಮೇಲೆದ್ದು, "ಮಾತಾಜಿ ಹೇಳ್ಯಾರಂದ್ರ ಮುಗೀತ. ನಿಯಮ ತಗೋರೆಬೇ," ಅಂದಳು. ನಾನೂ ತಗೊಂಡೆ.

ಆಶ್ವೀಜದ ಆ ಮಧ್ಯಾಹ್ನಗಳು ಈಗಲೂ ಕನಸಿನಲ್ಲಿ ಬರುತ್ತವೆ. ನಮ್ಮವರು ಹೊತ್ತು ಮುಳುಗುವುದರೊಳಗೆ ಉಣ್ಣುವವರು. ಬಿಸಿಲು ಕಟ್ಟೆಯ ಮೆಟ್ಟಿಲಿನಿಂದ ಇಳಿಯುತ್ತಿದ್ದ ಹಾಗೆ ಹೆಂಗಸರ ಕಿವಿ ಚುರುಕಾಗುತ್ತಿತ್ತು. ಮೊದಮೊದಲು ಕೈಮುಗಿದು, ನಾಲಿಗೆ ಕಚ್ಚಿಕೊಂಡು ತಿದ್ದಿದರು. ವಾರದಲ್ಲಿ ಸಲಿಗೆ ಬಂತು. "ಹಂಗ ಅಲ್ರಿ ಮಾತಾಜಿ, 'ತಿಂದೇನಿ' ಅನ್ರಿ." "ಈಕಿ ತಪ್ಪ ತಿದ್ದ್ಯಾಳ್ರಿ, ನಮ್ಮ ತವರಾಗ ಬ್ಯಾರೆ ಅಂತಾರ!" ಎಂದು ಐಗಳಿಯಿಂದ ಬಂದ ಸೊಸೆಗೂ ಭೋಜದಿಂದ ಬಂದ ಸೊಸೆಗೂ ಜಗಳ ಹತ್ತುತ್ತಿತ್ತು. ತಾವು ದಿನಾ ಆಡುವ ಮಾತಿಗೆ ಒಂದು ಕಟ್ಟಳೆ ಇದೆ ಎಂದು ಆ ಹೆಂಗಸರಿಗೆ ಮೊದಲ ಸಲ ಗೊತ್ತಾಗುತ್ತಿತ್ತು. ಯಾರೂ ಅವರನ್ನು ಯಾವುದಕ್ಕೂ ಹೀಗೆ ಕೇಳಿರಲಿಲ್ಲ. ಮಾತಾಜಿಗೆ ಎಲ್ಲಕ್ಕಿಂತ ಹಿಡಿಸಿದ ಮಾತು "ಒಲ್ಲೆ." ಬೇಡ ಎಂಬುದನ್ನೂ ನಾನು ಎಂಬುದನ್ನೂ ಒಂದೇ ಮಾತಿನಲ್ಲಿ ಹೇಳುವುದು ಎಷ್ಟು ಹಗುರ ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು.

ತಿಂಗಳು ತುಂಬುವುದರೊಳಗೆ ತಪ್ಪುಗಳು ಕಡಿಮೆಯಾದವು. ಒಂದು ಸಂಜೆ ಎಲ್ಲರೂ ಒಂದೊಂದು ಹಿಡಿದು ಮನೆಗೆ ಹೋಗಿದ್ದರು. ಪದ್ದವ್ವಾಯಿ ಒಬ್ಬಳೇ ಉಳಿದಿದ್ದಳು, ಸೂರ್ಯ ಕಬ್ಬಿನ ಮೇಲೆ ಕೂತಿದ್ದ. ಮಾತಾಜಿ ಮಾತಾಡುತ್ತಲೇ ಇದ್ದರು, ಎಲ್ಲ ಸರಿ. ಮುದುಕಿ ಕೋಲೂರಿ ಏಳಲು ಹೊರಟಾಗ ಮಾತಾಜಿ ಅಂದರು, "ಆಯಿ, ನಿನ್ನೆ ನಮ್ಮ ಬಾವ್ಯಾಗ ನೀರ ಬಂದಾನ."

"ಬಂದೈತ್ರಿ, ಬಂದೈತಿ!" ಎಂದು ಪದ್ದವ್ವಾಯಿ ನಗುತ್ತ ಮನೆಯ ದಾರಿ ಹಿಡಿದಳು.

ಆ ತಪ್ಪನ್ನು ಅವರು ಬಿಟ್ಟು ಎಷ್ಟೋ ದಿನ ಆಗಿತ್ತು. "ಬೇಕಂತ ಮಾಡಿದ್ರಿ," ಅಂದೆ. "ಸತ್ಯದ ವ್ರತ ಐತಲ್ರಿ ನಿಮಗ?"

"ಆಯಿಗೂ ಗೊತ್ತಿತ್ತ ಮಗಳ. ಸುಳ್ಳ ಎಲ್ಲೈತಿ?" ಅಂದರು. ಈ ಮಾತಿನಲ್ಲಿ ಹಿಡಿಯಲು ನನಗೆ ಒಂದು ತಪ್ಪೂ ಸಿಗಲಿಲ್ಲ.

ದೀಪಾವಳಿಯ ಅಮಾವಾಸ್ಯೆಗೆ ಚಾತುರ್ಮಾಸ ಮುಗಿಯಿತು. ಅಂದು ಬೆಳಿಗ್ಗೆ ಪೂಜೆಯಾದ ಮೇಲೆ ಮಾತಾಜಿ ಹೆಂಗಸರನ್ನು ಮುಂದೆ ಕೂಡಿಸಿದರು, ಗಂಡಸರು ಹಿಂದೆ. ಕೈಯಲ್ಲಿ ಕಾಗದವಿರಲಿಲ್ಲ.

"ನಮ್ಮವ್ವಗ ನಮ್ಮೂರ ಮಾತ ಬಿಟ್ಟರ ಬ್ಯಾರೆ ಬರತಿದ್ದಿಲ್ಲ," ಎಂದು ಶುರುಮಾಡಿದರು. "ನಾ ಸಣ್ಣಾಕಿ ಇದ್ದಾಗ ಈ ನಿಮ್ಮ ಕಡಿಂದ ಒಬ್ಬರು ಮುನಿಗಳು ನಡಕೋತ ನಮ್ಮೂರಿಗಿ ಬಂದ್ರು. ನಾಕ ತಿಂಗಳ ಇದ್ರು. ಅವ್ವ ದಿನಾ ಹಿಂದ ಕುಂಡ್ರತಿದ್ಲು. ಒಂದೂ ತಿಳೀತಿದ್ದಿಲ್ಲ. ಎದ್ದ ನಿಂತ ಕೇಳಾಕ ಧೈರ್ಯ ಇದ್ದಿಲ್ಲ. ಅವರು ಹೋಗೂ ದಿನ ಸೀಮಿತನಕ ಹೋಗಿ ಬಂದ್ಲು. ಬಂದು ನನಗ ಕೇಳಿದ್ಲು, ಅವರು ಏನ ಹೇಳಿರಬೇಕ ಮಗಳ? ಅಂತ. ಸಾಯೂತನಕ ಅದನ್ನ ಕೇಳಿದ್ಲು. ಇಲ್ಲಿ ಮೊದಲನೇ ದಿನ ಪದ್ದವ್ವಾಯಿ ಎದ್ದ ನಿಂತಳಲ್ಲ, ನನಗ ನಮ್ಮವ್ವನ ಎದ್ದ ನಿಂತಂಗಾತು."

ಮಾತಾಜಿ ಹೆಂಗಸರ ಸಾಲನ್ನು ಒಮ್ಮೆ ನೋಡಿ ಮುಂದುವರಿಸಿದರು.

"ಆ ಮುನಿಗಳು ಏನ ಹೇಳಿರತಾರ ಈಗ ನನಗ ತಿಳದೈತಿ. ನೀವು ಕಾಳ ಹಸನ ಮಾಡೂವಾಗ ಹುಳ ಎತ್ತಿ ನೆಳ್ಳಿಗಿ ಬಿಡತೀರಿ. ಅಷ್ಟ ಹೇಳಿರತಾರ. ಮನಶ್ಯಾರನ್ನೂ ಹಂಗ ಎತ್ತಿ ಬಿಡ್ರಿ, ತುಳೀಬ್ಯಾಡ್ರಿ ಅಂದಿರತಾರ. ತಿಳೀತೇನ್ರಿ ಆಯಿ?"

ಪದ್ದವ್ವಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಎದ್ದಳು. "ತಿಳೀತ್ರಿ. ಎಲ್ಲಾ ತಿಳೀತ," ಅಂದಳು. ಹೆಂಗಸರ ಸಾಲಿನಲ್ಲಿ ಅಳದವರು ಯಾರೂ ಇರಲಿಲ್ಲ. ಕಂಬಕ್ಕೊರಗಿ ನಿಂತ ನಾನೂ ಅತ್ತೆ. ಆ ಮಾತಿನಲ್ಲಿ ನಾನು ಕಲಿಸಿದ್ದು ಒಂದೂ ಇರಲಿಲ್ಲ. ನನಗೆ ಬಹಳ ಸಂತೋಷವಾಗಿತ್ತು.

ಆ ದಿನದ ಊಟ ನಮ್ಮ ಮನೆಯಲ್ಲಾಯಿತು. ಅವ್ವ ಬೇಳೆಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ಮೌನದಲ್ಲಿ ಉಣ್ಣುವ ಮಾತಾಜಿ ಮೊದಲ ತುತ್ತನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯ ತುತ್ತಿಗೆ ಬೊಗಸೆ ಮುಂದೆ ಚಾಚಿದರು, ಅಷ್ಟೇ.

ಮರುದಿನ ಇಳಿಹೊತ್ತಿಗೆ ಅವರು ಮಿರಜದ ಹಾದಿ ಹಿಡಿದರು. ಊರೆಲ್ಲ ಹಿಂದೆ ನಡೆಯಿತು. ಮುಗಿಲು ತೊಳೆದಿಟ್ಟ ಹಾಗೆ ಸ್ವಚ್ಛ, ಕಬ್ಬು ಎದೆಯುದ್ದ. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ನಡೆಯುತ್ತಿದ್ದರು. ಸೀಮೆ ಇನ್ನೂ ದಾಟಿರಲಿಲ್ಲ, ಅಂದಿನ ನಿಯಮ ಬಾಕಿ ಇತ್ತು. ಆ ದುಃಖದಲ್ಲಿ ಅದನ್ನು ನೆನೆಯುವವರು ಯಾರು? ಮಾತಾಜಿ ನೆನೆದಿದ್ದರು. ನಡೆಯುತ್ತಲೇ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದರು.

"ಚಂಪವ್ವ, ನಿನ್ನ ಎಮ್ಮಿ ಹಾಲ ಕೊಟ್ಟಾಳ?"

"ಕೊಟ್ಟೈತಿ ಅನಬೇಕ್ರಿ..." ಎಂದು ಚಂಪವ್ವ ಅಳುತ್ತ ತಿದ್ದಿದಳು. ಹೀಗೆ ಎರಡು ಫರ್ಲಾಂಗ್ ದಾರಿಯುದ್ದಕ್ಕೂ, ಹಕ್ಕಿಗೆ ಕಾಳು ಚೆಲ್ಲಿದ ಹಾಗೆ ತಪ್ಪು ಚೆಲ್ಲುತ್ತ ಹೋದರು, ಎಲ್ಲರ ರಾತ್ರಿಯ ಹಸಿವೆಗೆ ಒಂದೊಂದು. ನನ್ನ ಸರದಿ ಬಂದಾಗ ನನ್ನ ಹಳೆಯ ಪುಸ್ತಕದ ದನಿಯಲ್ಲೇ ಅಂದರು, "ಮಗಳೇ, ನಾನು ಹೋಗುತ್ತೇನೆ."

"ಹೋಗೂ ಮುಂದ ನಮ್ಮ ಕಡೆ ಹಂಗನ್ನೂದಿಲ್ರಿ. 'ಬರತೀನಿ' ಅಂತೀವ್ರಿ."

ಅವರು ನಕ್ಕರು. "ತಿದ್ದಿದಿ. ಇವತ್ತ ಉಣ್ಣ. ಆದ್ರ ಆ ಮಾತ ನಾ ಹೇಳಾಕ ಬರೂದಿಲ್ಲ." ನಡೆಯುವವರಿಗೆ ತಿರುಗಿ ಬರುವ ಮಾತು ಕೊಡಲು ಬರುವುದಿಲ್ಲ ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಸೀಮೆಯ ಕಲ್ಲಿನ ಹತ್ತಿರ ಬಂದಾಗ ತಿದ್ದಲು ಪದ್ದವ್ವಾಯಿ ಒಬ್ಬಳೇ ಉಳಿದಿದ್ದಳು. ಮಾತಾಜಿ ನಿಂತರು. ಒಂದು ತುಣುಕು ಮೋಡವಿಲ್ಲದ ಮುಗಿಲನ್ನು ನೋಡಿ, ಮೊದಲ ತಿಂಗಳ ಹಾಗೆ ಅಂದರು, "ಆಯಿ, ಮಳಿ ಬಂದಳು."

ಪದ್ದವ್ವಾಯಿ ಮುಗಿಲು ನೋಡಿದಳು, ಮಾತಾಜಿಯನ್ನು ನೋಡಿದಳು. "ಹೌದ್ರಿ," ಅಂದಳು. "ಬಂದಳ್ರಿ."

"ಆಯಿ, ತಿದ್ದಬೇ! ಹೊತ್ತ ಮುಳಗತೈತಿ," ಎಂದು ಹೆಂಗಸರು ಕೂಗಿದರು.

"ಸುಮ್ನಿರ್ರಿ. ಒಂದ ರಾತ್ರಿ ಹಸದ್ರ ನಾ ಸಾಯೂದಿಲ್ಲ. ಇದೊಂದ ತಪ್ಪ ನಮ್ಮೂರಾಗ ಇರಲಿ ಬಿಡ್ರಿ."

ಮಾತಾಜಿ ಪಿಂಛಿಯನ್ನು ಎತ್ತಿ ಆಶೀರ್ವಾದ ಮಾಡಿದರು. ತುಸು ಹೆಚ್ಚೇ ಹೊತ್ತು ಎತ್ತಿ ಹಿಡಿದಿದ್ದರು. ಆಮೇಲೆ ಕಲ್ಲು ದಾಟಿ ನಡೆದರು, ತಿರುಗಿ ನೋಡಲಿಲ್ಲ. ಪದ್ದವ್ವಾಯಿ ಆ ಸಂಜೆ ಉಣ್ಣಲಿಲ್ಲ. ಆಮೇಲೆ ಬದುಕಿದ್ದ ಆರೇಳು ವರ್ಷ, ಮುಗಿಲು ಕಪ್ಪಾದಾಗೆಲ್ಲ, ಯಾರು ನಕ್ಕರೂ ಅವಳಿಗೆ ಮಳೆ ಬರುತ್ತಿದ್ದದ್ದು ಹಾಗೆಯೇ.

ನಾನು ಬಿ.ಎಡ್. ಮಾಡಿ, ನಿಪ್ಪಾಣಿಯ ಶಾಲೆಯಲ್ಲಿ ಮರಾಠಿ ಮನೆಗಳ ಮಕ್ಕಳಿಗೆ, ಅವರ ತಾಯಂದಿರಿಗೆ ಕನ್ನಡ ಕಲಿಸಿದೆ. ಇಚಲಕರಂಜಿಯಿಂದ ಬಂದ ಮರಾಠಿ ಮಾತಿನ ಸೊಸೆಗೂ ಈ ಮನೆಯಲ್ಲಿ ನಾನೇ ಕಲಿಸಿದ್ದು. ಐದು ವರ್ಷ ಅವಳ ಒಂದೊಂದು ಮಾತನ್ನೂ ತಿದ್ದಿದ್ದೇನೆ. ಅವಳು ಮಾತ್ರ ಒಂದು ದಿನವೂ ನನ್ನನ್ನು ತಿದ್ದಿಲ್ಲ. ಅತ್ತೆ ಎಂಬ ಭಕ್ತಿ.

ಆ ಸಂಜೆ ಉಪ್ಪಿಲ್ಲದ ಬೇಳೆಯ ಮುಂದೆ ಕೂತಿದ್ದಾಗ ಹೊರಗೆ ಹನಿ ಬಿದ್ದವು. ಮೊದಲ ಮಳೆ. ಅವಳು ಇನ್ನೂ ಉಂಡಿರಲಿಲ್ಲ, ನನ್ನ ಮುಖವನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು.

"ಮಳಿ ಬಂದಳು," ಅಂದೆ.

ಸೊಸೆ ಒಂದು ಕ್ಷಣ ಅನುಮಾನಿಸಿದಳು. ಆಮೇಲೆ ತಡೆಯಲಾರದೆ ನಕ್ಕಳು. "ಅತ್ತಿ, ಬಂತು ಅನಬೇಕ್ರಿ!"

"ತಿದ್ದಿದಿ, ಹೌದಿಲ್ಲ?" ಅಂದೆ. "ಇನ್ನ ಕುಂಡ್ರ. ಊಟ ಮಾಡ."